ಸ್ವಂತ ದಾರಿಯ ಖರ್ಚು

ಬೆಳಿಗ್ಗೆ ಬಂಗಾರಪೇಟೆ ಸ್ಟೇಶನ್ನಿನಲ್ಲಿ ರೈಲಿಳಿದು ಕೆಲಸಕ್ಕೆ ನಡೆದು ಬರುತ್ತಿದ್ದ ಕವಿತಳಿಗೆ ಗಾರ್ಮೆಂಟ್ಸ್ ಕಾರ್ಖಾನೆಯ ಗೇಟಿನಿಂದ ಒಂದು ಕೂಗಳತೆ ದೂರದಲ್ಲಿ ಟೊಮೇಟೊ ತುಂಬಿದ ಟೆಂಪೋ ಗುದ್ದಿತು. ಟೆಂಪೋ ನಿಲ್ಲಲಿಲ್ಲ. ಕವಿತಳ ಎಡಗಾಲಿನ ಮೂಳೆ ಎರಡು ಕಡೆ ಮುರಿಯಿತು. ಅವಳು ಇನ್ನೂ ಡ್ಯೂಟಿಗೆ ಬಂದಿರಲಿಲ್ಲ ಎಂದು ಕಂಪನಿ ಆಸ್ಪತ್ರೆಯ ಖರ್ಚು ಕೊಡಲಿಲ್ಲ. ಆ ದಿನ ಅವಳಿಗೆ ಗೈರುಹಾಜರಿ ಹಾಕಿತು.

ಅವಳನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದವಳು ಪುಷ್ಪ. ಪುಷ್ಪ ಅದೇ ಕಾರ್ಖಾನೆಯಲ್ಲಿ ಚೆಕಿಂಗ್ ಟೇಬಲ್ಲಿನ ಸೂಪರ್‌ವೈಸರ್, ಊರು ಉರಿಗಾಂ ಪಕ್ಕದ ಹಳ್ಳಿ. ಹೊಲಿದು ಬಂದ ಷರಟುಗಳ ದಾರ, ಗುಂಡಿ, ಕಾಲರು ನೋಡಿ ದಾಟಿಸುವುದು ಅವಳ ಟೇಬಲ್ಲಿನ ಕೆಲಸ. ತಪ್ಪು ಹುಡುಕುವುದನ್ನೇ ಕಸುಬು ಮಾಡಿಕೊಂಡವಳು ಆ ದಿನ ಮಾತಿನಲ್ಲಿ ತಾನೇ ಒಂದು ತಪ್ಪು ಮಾಡಿದಳು. ಆಸ್ಪತ್ರೆಯ ಬಾಗಿಲಲ್ಲಿ ನರ್ಸು, “ಏನಾಯ್ತು, ಎಲ್ಲಾಯ್ತು?” ಎಂದು ಕೇಳಿದಾಗ, ಕೈತುಂಬ ಗೆಳತಿಯ ರಕ್ತ ಹಿಡಿದುಕೊಂಡಿದ್ದ ಪುಷ್ಪ, “ಡ್ಯೂಟಿಲಿ ಬಿದ್ಳು ಅಕ್ಕಾ, ಡ್ಯೂಟಿಲಿ!” ಎಂದು ಕೂಗಿದಳು. ನರ್ಸು ಹಾಗೆಯೇ ಬರೆದಳು. ಬರೆದದ್ದು ಪೊಲೀಸಿಗೆ ಹೋಯಿತು, ಅಲ್ಲಿಂದ ಕಾರ್ಮಿಕ ಇಲಾಖೆಗೆ ಹೋಯಿತು.

ಉರಿಗಾಂ ಕಡೆಯ ಮಾತೇ ಹಾಗೆ. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಿಂದ ಅಲ್ಲಿನವರ ಬಾಯಲ್ಲಿ ಡ್ಯೂಟಿ ಎಂದರೆ ಕಾರ್ಖಾನೆಯ ಒಳಗಿನ ಕೆಲಸವಷ್ಟೇ ಅಲ್ಲ. ತಿಂಡಿ ಡಬ್ಬಿ ಕೈಗೆ ಬಂದು ಕಾಲು ಹೊಸಿಲು ದಾಟಿತೋ, ಡ್ಯೂಟಿ ಸುರು. ತಿರುಗಿ ಮನೆಗೆ ಬಂದು ಕಾಲು ತೊಳೆದಾಗ ಮುಗಿಯಿತು. ಪುಷ್ಪಳ ಅತ್ತೆ ಅಕ್ಕಯ್ಯಮ್ಮ, ಸೊಸೆ ಇನ್ನೂ ಸ್ಟೇಶನ್ನಿನಲ್ಲಿ ರೈಲು ಕಾಯುತ್ತಿರುವಾಗಲೇ ಹಾಲಿನ ಡೈರಿಯವನ ಹತ್ತಿರ, “ನಮ್ಮುಡುಗಿ ಡ್ಯೂಟಿಲವ್ಳೆ” ಎನ್ನುತ್ತಾಳೆ. ಅದೇ ಮಾತು ಪುಷ್ಪಳ ಬಾಯಿಂದ ಬಂತು. ಡ್ಯೂಟಿಯಲ್ಲಿ ಬಿದ್ದವಳಿಗೆ ಕಂಪನಿಯೇ ಪರಿಹಾರ ಕಟ್ಟಿಕೊಡಬೇಕು. ಕಂಪನಿಗೆ ಅದು ಬಾಯಿಮಾತಲ್ಲ, ಬಾಣ ಅನ್ನಿಸಿತು.

ಮರುದಿನ ಮ್ಯಾನೇಜರ್ ಜಯರಾಮಪ್ಪ ಅವಳನ್ನು ಒಳಗೆ ಕರೆದ. ಅವನೂ ಬಂಗಾರಪೇಟೆ ತಾಲ್ಲೂಕಿನವನೇ. ಹೊಲ, ಹಸು ಬಿಟ್ಟು ಬಂದು ಕುರ್ಚಿ ಹಿಡಿದವನು. ಅಂಥವನಿಗೆ ಬಡವರ ಬಾಯಿ ಹೇಗೆ ಮುಚ್ಚಿಸಬೇಕೆಂದು ಹೊರಗಿನವನಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

“ಏನಮ್ಮಾ ಪುಷ್ಪ, ಆಸ್ಪತ್ರೇಲಿ ಏನಂತ ಬರ್ಸಿದೀಯ?”

“ಟೆಂಪೋ ಗುದ್ತು ಅಂದೆ ಸಾರ್.”

“ಅದಲ್ಲ. ಡ್ಯೂಟಿ ಅಂದಿದೀಯ. ಯಾರ್ ಕೊಟ್ಟ ಡ್ಯೂಟಿ? ಗೇಟು ದಾಟಿ, ಹಾಜರಿ ಮಿಶಿನ್‌ಗೆ ಬೆಟ್ಟು ಒತ್ತಿದ ಮ್ಯಾಕೆ ಡ್ಯೂಟಿ. ಅದಕ್ಕೆ ಮುಂಚೆ ನಿಮ್ಮ ಸ್ವಂತ ದಾರಿ, ನಿಮ್ಮ ಸ್ವಂತ ಕಾಲು.”

“ನಮ್ಮ ಕಡೆ ಮನೆ ಬಿಟ್ರೆ ಡ್ಯೂಟಿ ಅಂತಲೇ ಅಂತಾರೆ ಸಾರ್.”

“ನಿಮ್ಮ ಕಡೆ! ಗಣಿ ಮುಚ್ಚಿ ಯಾವ ಕಾಲಾಯ್ತು, ಇನ್ನೂ ಸೈರನ್ನು ನಿಮ್ಮ ಕಿವೀಲೇ ಕೂಗ್ತಾ ಅದೆ. ನೋಡು, ಮುಂದಿನ ವಾರ ಲೇಬರ್ ಆಫೀಸರ್ ಬತ್ತಾರೆ. ಬಾಯಿ ತಪ್ಪಿ ಅಂದ್ಬುಟ್ಟೆ ಸಾರ್, ಅವಳು ಅವಳ ಪಾಡಿಗೆ ಬತ್ತಾ ಇದ್ಳು, ಅನ್ನು. ಅಷ್ಟೆ.”

ಪುಷ್ಪ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ನೆಲ ನೋಡುತ್ತಾ ನಿಂತಳು. ಜಯರಾಮಪ್ಪ ಅದನ್ನು ಹೂಂ ಎಂದೇ ತಿಳಿದ. ಅವನ ಮುಂದೆ ನೆಲ ನೋಡಿದವರೆಲ್ಲ ಇದುವರೆಗೆ ಹೂಂ ಅಂದವರೇ.

ಅಂದು ಸಂಜೆ ಮಾರಿಕುಪ್ಪಂ ರೈಲುಗಾಡಿಯಲ್ಲಿ ‘ಸ್ವಂತ’ ಎಂಬ ಮಾತು ಹೆಂಗಸರ ಬಾಯಿಗೆ ಸಿಕ್ಕಿ ಹಣ್ಣಾಯಿತು. ಜಾಗಕ್ಕಾಗಿ ನೂಕಾಡುತ್ತಲೇ ಆಶಾರಾಣಿ ಸುರು ಮಾಡಿದಳು. ಗುಂಡಿ ಹಾಕುವ ಮಿಶಿನ್ನಿನವಳು. ನಾಲಿಗೆ ಆ ಮಿಶಿನ್ನಿಗಿಂತ ಜೋರು.

“ಲೇ, ಸರ್ಕೊಳೇ ಅತ್ಲಾಗೆ. ಇದು ನನ್ನ ಸ್ವಂತ ಸೀಟು.”

“ನಿಂದು ಸ್ವಂತದ್ದು ಅಂತ ಇರೋದು ಬಾಯಿ ಒಂದೇ ಕಣೇ,” ಎಂದಳೊಬ್ಬಳು.

“ಕಾಲೂ ಸ್ವಂತದ್ದೇ ಅಂತಲ್ಲ, ಮ್ಯಾನೇಜರಯ್ಯ ಅಂದವ್ನೆ! ಸ್ವಂತ ಕಾಲಾದ್ರೆ ದಿನಾ ಬೆಳಗಿಂದ ಸಂಜೆಗಂಟ ಅದನ್ನ ತನ್ನ ಮಿಶಿನ್ ತುಳಿಯಾಕೆ ಇಟ್ಕೊಂಡವ್ನಲ್ಲ, ಬಾಡ್ಗೆ ಕೊಡ್ಲಿ!”

ಡಬ್ಬಿಯೆಲ್ಲ ನಕ್ಕಿತು. ಪುಷ್ಪಳೂ ನಕ್ಕಳು. ಆಮೇಲೆ ಕಿಟಕಿಯಾಚೆ ಗಣಿಯವರು ಸುರಿದ ಸೈನೈಡ್ ಮಣ್ಣಿನ ದಿಬ್ಬದ ಬಿಳಿ ಧೂಳು ಏಳುವುದು ಕಂಡಾಗ ಒಬ್ಬೊಬ್ಬರೇ ಮುಖಕ್ಕೆ ಸೆರಗು ಹಾಕಿಕೊಂಡರು, ನಗೆ ಅದರೊಳಗೆ ಆರಿಹೋಯಿತು. ಕವಿತ ದಿನವೂ ಕೂರುತ್ತಿದ್ದ ಬಾಗಿಲ ಪಕ್ಕದ ಜಾಗದಲ್ಲಿ ಯಾರೋ ಕೊತ್ತಂಬರಿ ಮೂಟೆ ಇಟ್ಟಿದ್ದರು.

ದಾರಿ ಸ್ವಂತದ್ದು. ಪುಷ್ಪಳ ತಲೆಯಲ್ಲಿ ಅದು ಮುಳ್ಳಿನ ಹಾಗೆ ಮುರಿದುಕೊಂಡಿತು. ಮೊದಲು ಅವಳು ಊರಿನಿಂದ ಕಾರ್ಖಾನೆವರೆಗೂ ಟಿವಿಎಸ್‌ನಲ್ಲೇ ಬರುತ್ತಿದ್ದಳು. ಗೇಟಿನೊಳಗೆ ಗಾಡಿ ಬಿಡುವಂತಿಲ್ಲ. ಗೇಟಿನ ಎದುರಿಗೆ ಖಾಲಿ ಸೈಟು, ಅದಕ್ಕೊಂದು ಹಗ್ಗ ಕಟ್ಟಿ ಜಯರಾಮಪ್ಪನ ಭಾವಮೈದುನ ಸ್ಟ್ಯಾಂಡು ಮಾಡಿದ್ದ. ಬಿಸಿಲಲ್ಲಿ ಸೀಟು ಸುಟ್ಟು ಹಪ್ಪಳವಾದರೂ ದುಡ್ಡು ಕೊಡಬೇಕು. ಒಳಗಡೆ ಶೀಟು ಹೊದಿಸಿದ ನೆರಳೊಂದಿತ್ತು, ಅದು ಓನರ ಕಾರಿಗೆ. ವಾರಕ್ಕೊಮ್ಮೆ ಬೆಂಗಳೂರಿನಿಂದ ಬರುವ ಆ ಕಾರು ಇಲ್ಲದ ದಿನ ಅಲ್ಲಿ ನಾಯಿ ಮಲಗುತ್ತಿತ್ತು. ಪೆಟ್ರೋಲು, ಸ್ಟ್ಯಾಂಡು ಎರಡೂ ತಾಳಲಾರದೆ ಪುಷ್ಪ ಟಿವಿಎಸ್ ಅನ್ನು ಉರಿಗಾಂ ಸ್ಟೇಶನ್ನಿನ ಹತ್ತಿರ ನಿಲ್ಲಿಸಿ ರೈಲು ಹಿಡಿಯತೊಡಗಿದಳು. ಅಲ್ಲೂ ಸ್ಟ್ಯಾಂಡಿನವನು ಕೈ ಒಡ್ಡುತ್ತಾನೆ. ಬಂಗಾರಪೇಟೆಯಲ್ಲಿ ಇಳಿದ ಮೇಲೆ ಕಾಲೇ ಗತಿ. ಜೊತೆಗೆ ಈ ವರ್ಷ ಸೂಪರ್‌ವೈಸರುಗಳನ್ನೆಲ್ಲ ಕಂಟ್ರಾಕ್ಟಿಗೆ ಹಾಕಿದ್ದೇವೆ ಎಂದು ಹೇಳಿ ಸಂಬಳದಲ್ಲಿ ತೆರಿಗೆ ಬೇರೆ ಹಿಡಿಯುತ್ತಿದ್ದರು.

ಆ ವಾರ ಕಾರ್ಖಾನೆಗೆ ಆಡಿಟರ್ ಸುಧಾಕರ್ ಬಂದಿದ್ದರು. ಮೃದು ಮಾತಿನ ಮನುಷ್ಯ. ಟೀ ತಂದುಕೊಟ್ಟವಳಿಗೂ ಥ್ಯಾಂಕ್ಸ್ ಹೇಳುವವರು. ಊಟದ ಹೊತ್ತಿನಲ್ಲಿ ಪುಷ್ಪ ಧೈರ್ಯ ಮಾಡಿ ಅವರ ಬಾಗಿಲಲ್ಲಿ ನಿಂತಳು.

“ಸಾರ್, ಒಂದು ಮಾತು ಕೇಳ್ಬೋದಾ? ನಂಗೆ ತೆರಿಗೆ ಇಡಿತಾವ್ರೆ. ನಾನು ಡ್ಯೂಟಿಗೆ ಬರೋ ಖರ್ಚ ಅದ್ರಲ್ಲಿ ಕಳ್ಯಕಾಗ್ತದ? ಪೆಟ್ರೋಲು, ಗಾಡಿ ಸ್ಟ್ಯಾಂಡು, ರೈಲ್ ಪಾಸು?”

ಸುಧಾಕರ್ ಕನ್ನಡಕ ತೆಗೆದು ನಕ್ಕರು. “ಇಲ್ಲಮ್ಮ. ಮನೆಯಿಂದ ಕೆಲಸದ ಜಾಗಕ್ಕೆ ಬರೋದು ನಿಮ್ಮ ಸ್ವಂತ ಖರ್ಚು. ಗಾಡಿ ನಿಲ್ಲಿಸೋ ದುಡ್ಡೂ ಅಷ್ಟೆ. ಸಂಬಳದವರಿಗಾದರೆ ಎಲ್ಲರಿಗೂ ಒಂದೇ ಸಮ ಅಂತ ಒಂದಿಷ್ಟು ಬಿಡ್ತಾರೆ, ಬಸ್ಸು ರೈಲು ಎಲ್ಲ ಅದರೊಳಗೇ ಬಂತು ಅಂದ್ಕೋಬೇಕು.”

“ನಾನು ಸಂಬಳದೋಳಲ್ವಂತೆ ಸಾರ್. ಕಂಟ್ರಾಕ್ಟಂತೆ.”

“ಓ. ಹಾಗಾದರೆ ಅದೂ ಇಲ್ಲ. ಹಿಡಿದಿರೋದನ್ನ ರಿಟರ್ನ್ ಹಾಕಿ ವಾಪಸ್ ತಗೋಬಹುದು, ನಿಮ್ಮ ಆದಾಯಕ್ಕೆ ತೆರಿಗೆಯೇ ಬರಲ್ಲ. ಆದರೆ ದಾರಿ ಮಾತ್ರ ಯಾವ ಲೆಕ್ಕದಲ್ಲೂ ನಿಮ್ಮದೇ.”

ಪುಷ್ಪ ಮತ್ತೆ ಕೇಳಿದಳು. “ಓನರ್ ಕಾರು ಬತ್ತದಲ್ಲ ಸಾರ್. ಡ್ರೈವರು, ಡೀಸೆಲ್ಲು, ಆ ನೆಳ್ಳು?”

“ಅದು ಕಂಪನಿ ಕಾರು. ವ್ಯಾಪಾರದ ಖರ್ಚು, ಕಳೀತೀವಿ.”

“ಅವ್ರೂ ಮನೆಯಿಂದ್ಲೇ ಅಲ್ವಾ ಬರೋದು?”

ಸುಧಾಕರ್ ಈ ಸಲ ಜೋರಾಗಿ ನಕ್ಕರು. ಅವರ ನಗೆಯಲ್ಲಿ ಕೆಡುಕಿರಲಿಲ್ಲ. ಹಸಿದವರ ಮುಂದೆ ಉಂಡು ತೇಗುವವನಲ್ಲೂ ಕೆಡುಕಿರುವುದಿಲ್ಲ. “ನಿಮಗೇನಮ್ಮ ಅಷ್ಟು ಕಷ್ಟ? ಸ್ಟೇಶನ್ನಿಂದ ಇಲ್ಲಿವರೆಗೂ ಕಂಪನಿ ವ್ಯಾನಿದೆಯಲ್ಲ. ಅದನ್ನ ವರ್ಷಾ ವರ್ಷಾ ನಾವು ಖರ್ಚಲ್ಲಿ ಕಳೀತೀವಿ. ಕಾನೂನು ಹಾಗೇನೇ ಇರೋದು. ಕರ್ಕೊಂಡು ಬಂದವರು ಕಳೀಬಹುದು, ಬಂದವರು ಕಳಿಯೋ ಹಾಗಿಲ್ಲ.”

“ಯಾವ ವ್ಯಾನು ಸಾರ್?”

“ಕೆಲಸದವರ ವ್ಯಾನು. ದಿನಾ ಬೆಳಿಗ್ಗೆ ಸಂಜೆ...” ಸುಧಾಕರ್ ಅವಳ ಮುಖ ನೋಡಿದರು. ಅವರ ಮಾತು ಅಲ್ಲಿಗೇ ನಿಂತಿತು. ಕನ್ನಡಕ ಮತ್ತೆ ಮೂಗಿನ ಮೇಲೆ ಬಂತು. “ಆಯ್ತಮ್ಮ. ನೀವು ಊಟಕ್ಕೆ ಹೋಗಿ.”

ಅರ್ಧ ಗಂಟೆಯಲ್ಲಿ ಅವರು ಜಯರಾಮಪ್ಪನ ಕೋಣೆಯಲ್ಲಿದ್ದರು. ಗಾಜಿನಾಚೆ ಎರಡು ತಲೆ ಹತ್ತಿರ ಬರುವುದು, ದೂರ ಹೋಗುವುದು ಪುಷ್ಪಳ ಟೇಬಲ್ಲಿಗೆ ಕಾಣುತ್ತಿತ್ತು. ಅವಳ ಕೈ ಷರಟು ತಿರುವುತ್ತಲೇ ಇತ್ತು. ತಾವು ಬಿಸಿಲಲ್ಲಿ, ಮಳೆಯಲ್ಲಿ ನಡೆದದ್ದೆಲ್ಲ ಕಂಪನಿಯ ಲೆಕ್ಕದಲ್ಲಿ ವ್ಯಾನಿನಲ್ಲಿ ಬಂದದ್ದಾಗಿ ಕುಳಿತಿದೆ. ಚಪ್ಪಲಿ ಸವೆದದ್ದು ತಮ್ಮದು, ತೆರಿಗೆ ಉಳಿದದ್ದು ಅವರದು. ಇಲ್ಲದ ಆ ವ್ಯಾನು ನಿಜವಾಗಿ ಇದ್ದಿದ್ದರೆ ಅಂದು ಕವಿತ ಅದರೊಳಗೆ ಕೂತಿರುತ್ತಿದ್ದಳು. ಟೆಂಪೋ ಬರೀ ಗಾಳಿಗೆ ಗುದ್ದಿಕೊಂಡು ಹೋಗುತ್ತಿತ್ತು.

ಮರುದಿನ ಜಯರಾಮಪ್ಪ ತಾನೇ ಟೇಬಲ್ಲಿನ ಬಳಿಗೆ ಬಂದ. ಕೈಯಲ್ಲಿ ಎರಡು ಟೀ. ಒಂದನ್ನು ಅವಳ ಮುಂದಿಟ್ಟ. ಇಷ್ಟು ವರ್ಷಗಳಲ್ಲಿ ಅವನು ಯಾರ ಮುಂದೆಯೂ ಟೀ ಇಟ್ಟವನಲ್ಲ.

“ಪುಷ್ಪಮ್ಮ, ಮೊನ್ನೆ ನಾನು ಏಳಿದ ಮಾತು ಬಿಟ್ಬುಡು. ಆಫೀಸರ್ ಬಂದಾಗ ಇಂಗನ್ನು. ಕಂಪನಿ ವ್ಯಾನ್ ಅದೆ ಸಾರ್, ದಿನಾ ಅದ್ರಲ್ಲೇ ಬತ್ತೀವಿ. ಅವತ್ತು ಕವಿತ ಅತ್ಲಿಲ್ಲ, ಅಂಗಡಿ ಕಡೆ ಏನೋ ಕೆಲ್ಸ ಅಂತ ಅವಳೇ ನಡ್ಕೊಂಡು ಓದ್ಳು. ಅಷ್ಟೆ.”

“ಮೊನ್ನೆ ನಮ್ಮ ಸ್ವಂತ ದಾರಿ ಅಂದ್ರಿ ಸಾರ್.”

“ಇವತ್ತೂ ಅದೇ ಅಲ್ವೇನಮ್ಮ? ವ್ಯಾನ್ ಕೊಟ್ರೂ ಬ್ಯಾಡ ಅಂತ ನಡ್ಕೊಂಡು ಓದ್ಳಲ್ಲ, ಅದು ಇನ್ನೂ ಸ್ವಂತ!” ತನ್ನ ಜಾಣತನಕ್ಕೆ ತಾನೇ ತಲೆದೂಗಿದ. ಆಮೇಲೆ ದನಿ ತಗ್ಗಿಸಿದ. “ನಿನ್ನ ಕಂಟ್ರಾಕ್ಟ್‌ನಿಂದ ತೆಗ್ಸಿ ಪರ್ಮನೆಂಟ್ ಮಾಡಿಸ್ತೀನಿ. ಮಗಳು ನವ್ಯ ಕಾಲೇಜಿಗೆ ಸೇರೋ ವರ್ಷ ಅಲ್ವಾ? ನೀನೂ ಯೋಚ್ನೆ ಮಾಡು.”

ಟೀ ಅಲ್ಲೇ ಆರಿತು. ಕೆನೆ ಕಟ್ಟಿತು.

ಭಾನುವಾರ ಪುಷ್ಪ ಉರಿಗಾಂ ಲೈನಿನ ಮನೆಗೆ ಕವಿತಳನ್ನು ನೋಡಲು ಹೋದಳು. ಗಣಿಯವರು ಕಟ್ಟಿಸಿದ ಸಾಲುಮನೆ, ಒಂದು ಕೋಣೆ, ಮೇಲೆ ತಗಡು. ಕಾಲಿಗೆ ಕಟ್ಟು ಹಾಕಿಸಿಕೊಂಡು ಕವಿತ ಮಂಚದ ಮೇಲೆ ಒರಗಿದ್ದಳು. ಒಳಗೆ ಪ್ಲೇಟು ಹಾಕಿ ಆಪರೇಷನ್ ಮಾಡಬೇಕು, ತಡ ಮಾಡಿದರೆ ಮೂಳೆ ಸೊಟ್ಟಗೆ ಕೂಡಿಕೊಂಡು ಜನ್ಮಪೂರ್ತಿ ಕುಂಟಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಕುಂಟುವವಳನ್ನು ಯಾವ ಗಾರ್ಮೆಂಟ್ಸೂ ಮಿಶಿನ್ನಿನ ಮುಂದೆ ಕೂರಿಸುವುದಿಲ್ಲ. ಪರಿಹಾರ ಬಂದರೆ ಆಪರೇಷನ್ನು. ಬರದಿದ್ದರೆ ಈ ಕಟ್ಟೇ ಗತಿ.

ಅವಳ ಅಪ್ಪ ಮುನಿಸ್ವಾಮಪ್ಪ ಬಾಗಿಲಲ್ಲಿ ಕೂತು ಕೆಮ್ಮುತ್ತಿದ್ದ. ಗಣಿಯ ಕೆಳಗೆ ಕಲ್ಲು ಕೊರೆದವನು. ಚಿನ್ನ ಮೇಲೆ ಹೋಯಿತು, ಧೂಳು ಇವನ ಎದೆಯಲ್ಲಿ ಉಳಿಯಿತು.

“ಡ್ಯೂಟಿ ಅಲ್ವಂತೇನಮ್ಮ ಅದು?” ಎಂದು ಕೇಳಿದ. “ನಮ್ಗೆ ಗಣಿಗೆ ಇಳ್ಸೋ ಕೇಜಿಗೆ ಕಾಲಿಟ್ರೆ ಕಂಪ್ನಿ ಲೆಕ್ಕದಲ್ಲೂ ಡ್ಯೂಟಿ ಸುರು. ಕೆಳೀಕೆ ಇಳಿಯೋ ಒತ್ತೂ ಅದ್ರಲ್ಲೇ ಸೇರ್ತಿತ್ತು.”

“ನೀವು ಇಳೀತಿದ್ದಿದ್ದು ಚಿನ್ನಕ್ಕೆ ಮಾವ. ನಾವು ನಡ್ಯೋದು ಷರಟಿಗೆ.”

“ಚಿನ್ನ ಅಂದ್ರೆ ನಾವೇನು ತಿಂದ್ವಾ ಅದನ್ನ?” ಎಂದು ನಗಲು ಹೋಗಿ ಮುದುಕ ಮತ್ತೆ ಕೆಮ್ಮಿದ. ಪುಷ್ಪ ಅವನಿಗೆ ನೀರು ಕೊಟ್ಟಳು.

ಕವಿತ ಪುಷ್ಪಳ ಕೈ ಹಿಡಿದುಕೊಂಡಳು. “ಅಕ್ಕಾ, ಆಫೀಸರ್ ಮುಂದೆ ನೀನು ಏಳ್ತೀಯಲ್ಲ? ವ್ಯಾನ್ ಅನ್ನೋದು ನಾವು ಕಣ್ಣಲ್ಲೇ ಕಂಡಿಲ್ಲ ಅಂತ? ಆಶಾ ಎಲ್ಲಾ ಏಳಿದ್ಳು ನಂಗೆ.”

ಪುಷ್ಪ ಬಾಯಿ ತೆರೆದಳು. ಮಗಳ ಮುಖ, ಹಟ್ಟಿಯಲ್ಲಿ ಕಟ್ಟಿದ ಒಂದೇ ಹಸು, ಕೆಲಸ ಬಿಟ್ಟರೆ ಸುತ್ತಮುತ್ತ ಬೇರೆ ಕಾರ್ಖಾನೆಯವರಿಗೂ ಜಯರಾಮಪ್ಪ ಮಾಡುವ ಫೋನು, ಎಲ್ಲ ಒಟ್ಟಿಗೆ ನೆನಪಾದವು. “ನೀನು ಮಲಿಕ್ಕೋ,” ಎಂದಳು. ಕವಿತ ಕೈ ಬಿಟ್ಟಳು. ಜೋರಾಗಿ ಎಳೆದುಕೊಳ್ಳಲಿಲ್ಲ, ಮೆಲ್ಲಗೆ ಬಿಟ್ಟಳು. ಹೊರಗೆ ಬಂದಾಗ ಪುಷ್ಪಳ ಅಂಗೈ ತಣ್ಣಗಿತ್ತು.

ಆಫೀಸರ್ ಬರುವ ದಿನ ಬೆಳಿಗ್ಗೆ ಬಂಗಾರಪೇಟೆ ಸ್ಟೇಶನ್ನಿನ ಹೊರಗೆ ಒಂದು ಹಳದಿ ವ್ಯಾನು ನಿಂತಿತ್ತು. ಯಾವುದೋ ಸ್ಕೂಲಿನದು, ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿ ‘ಸಿಬ್ಬಂದಿ ವಾಹನ’ ಎಂದು ಬರೆಸಿದ್ದರು. ಅಂಟು ಇನ್ನೂ ಹಸಿಯಾಗಿತ್ತು. ಬಾಗಿಲಲ್ಲಿ ಜಯರಾಮಪ್ಪ, ಇಸ್ತ್ರಿ ಷರಟು ಹಾಕಿಕೊಂಡು, ಮದುವೆ ಮನೆಯ ಮುಂದೆ ನಿಂತ ಹೆಣ್ಣಿನ ಕಡೆಯವನ ಹಾಗೆ ಎಲ್ಲರನ್ನೂ ಕರೆಯುತ್ತಿದ್ದ.

“ಬನ್ರಮ್ಮ, ಬನ್ನಿ. ಬಿಸಿಲಲ್ಲಿ ಯಾಕೆ ನಡೀತೀರ? ಆಫೀಸರ್ ಗೇಟ್ ಹತ್ರ ಬಂದವ್ರೆ. ಎಲ್ಲಾ ಒಟ್ಗೆ ವ್ಯಾನಿಂದ ಇಳೀಬೇಕು.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಹತ್ತಿದವಳು ಹೊಸದಾಗಿ ಸೇರಿದ ಹುಡುಗಿ. ಅವಳಿಗೆ ಏನೂ ಗೊತ್ತಿರಲಿಲ್ಲ. ಅವಳ ಹಿಂದೆ ಎಲ್ಲ ಗೊತ್ತಿದ್ದವರೂ ಹತ್ತಿದರು. ಪುಟ್ಟ ಮಕ್ಕಳಿಗೆ ಮಾಡಿದ ಸೀಟು, ಮೊಣಕಾಲು ಗದ್ದಕ್ಕೆ ಬರುತ್ತಿತ್ತು. ಸೀಟಿನ ಬೆನ್ನಿಗೆ ಯಾವ ಮಗುವೋ ಪೆನ್ನಿನಲ್ಲಿ ಆನೆ ಬರೆದಿತ್ತು.

ಆಶಾರಾಣಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, “ಎಲ್ ಕೆ ಜಿಗೆ ಸೇರ್ದಂಗಾಯ್ತು, ಸ್ಲೇಟು ಬಳಪ ಕೊಡಿ ಸಾರ್,” ಎಂದಳು. ಯಾರೂ ನಗಲಿಲ್ಲ. ಅವಳೂ ಪುಷ್ಪಳ ಕಡೆ ತಿರುಗಿ ನೋಡದೆ ಒಳಗೆ ಹೋಗಿ ಕಿಟಕಿಗೆ ಬೆನ್ನು ಹಾಕಿ ಕೂತಳು. ಅವಳ ಗಂಡ ಕುಡುಕ. ಮನೆ ನಡೆಸುವುದು ಅವಳ ಸಂಬಳವೇ. ಪುಷ್ಪಳಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು, ಎದೆ ಹಗುರವಾಗುತ್ತಿತ್ತು.

ಕೊನೆಗೆ ಉಳಿದವಳು ಅವಳೊಬ್ಬಳೇ.

“ಬಾಮ್ಮ ಪುಷ್ಪ, ಮುಂದಿನ ಸೀಟು ನಿಂಗೇ ಅಂತ ಬಿಟ್ಟಿದೀನಿ. ಡ್ಯೂಟಿ ಅಂತ ಬರ್ಸಿದ್ದು ನೀನು. ನೀನೇ ಮೊದ್ಲು ಇಳಿದು ಒಂದು ಮಾತು ಅಂದ್ರೆ ಸಾಕು, ಮಿಕ್ಕಿದ್ದು ನಾವು ನೋಡ್ಕೋತೀವಿ.”

“ಏನಂತ ಅನ್ಬೇಕು ಸಾರ್?”

“ಎಷ್ಟು ಸಲ ಏಳ್ಲಿ? ದಿನಾ ಇದ್ರಲ್ಲೇ ಬತ್ತೀವಿ, ಅವಳೇ ಅತ್ಲಿಲ್ಲ ಅಂತ.”

“ಆಮೇಲೆ ಕವಿತನ ಕಾಲು?”

“ಕಾಲು ಅವಳ್ದು. ಕೆಲಸ ನಿಂದು. ನಿಂದು ನೋಡ್ಕೊ.” ಅವನ ಮುಖದ ಮದುವೆಮನೆ ಕಳೆ ಇಳಿಯತೊಡಗಿತ್ತು. ಡ್ರೈವರ್ ಇಂಜಿನ್ ಚಾಲೂ ಮಾಡಿದ. ವ್ಯಾನು ನಡುಗಿತು, ಒಳಗೆ ಕೂತವರ ತಲೆಗಳೂ ನಡುಗಿದವು. ಎಲ್ಲರೂ ಈಗ ಕಿಟಕಿಯಲ್ಲಿ ಪುಷ್ಪಳನ್ನೇ ನೋಡುತ್ತಿದ್ದರು, ಆಶಾರಾಣಿಯೊಬ್ಬಳನ್ನು ಬಿಟ್ಟು.

ಪುಷ್ಪ ವ್ಯಾನಿನ ಮೆಟ್ಟಿಲು ನೋಡಿದಳು. ಧೈರ್ಯ ಎಂಬುದು ಬಂದು ಎದೆ ತುಂಬುತ್ತದೆ ಎಂದು ಅವಳು ಎಲ್ಲೋ ಕೇಳಿದ್ದಳು, ಅಂಥದ್ದೇನೂ ಬರಲಿಲ್ಲ. ಹೆದರಿಕೆ ಇದ್ದಷ್ಟೂ ಇತ್ತು. ಕಾಲು ಮಾತ್ರ ಮೆಟ್ಟಿಲ ಕಡೆಗೆ ಹೋಗಲೊಲ್ಲದು.

“ಟೈಮಾಯ್ತು. ಹತ್ತು,” ಎಂದ ಜಯರಾಮಪ್ಪ.

“ಇಲ್ಲ ಸಾರ್.”

“ಏನು ಇಲ್ಲ? ಲೇ, ಕೊನೇ ಸಲ ಏಳ್ತಿದೀನಿ. ಈಗ ಹತ್ಲಿಲ್ಲ ಅಂದ್ರೆ ನಾಳೆಯಿಂದ ಗೇಟು ನಿಂಗಿಲ್ಲ. ಬಂಗಾರಪೇಟೇಲಿ ಯಾವ ಗೇಟೂ ಇಲ್ಲ. ತಿಳ್ಕೊಂಡ್ಯಾ? ಹತ್ತು ವ್ಯಾನು!”

“ತಿಳ್ಕೊಂಡೆ,” ಎಂದಳು ಪುಷ್ಪ. ಕಾರ್ಖಾನೆಯ ದಾರಿಯ ಕಡೆಗೆ ತಿರುಗಿದಳು. “ನಾನು ಈ ವ್ಯಾನ್ ಅತ್ತಲ್ಲ ಸಾರ್.”